ಬಲಗಿವಿಯ ಶಿಷ್ಯ

ಮನುಷ್ಯನಾದವನಿಗೆ ತನ್ನ ದೇಹದ ಒಂದು ಅಂಗದ ಬಗ್ಗೆಯಾದರೂ ಅಭಿಮಾನ ಇರಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕೆಲವರಿಗೆ ಮೂಗು, ಕೆಲವರಿಗೆ ಮೀಸೆ. ಮೀಸೆಯನ್ನು ಅಂಗವೆಂದು ಹೇಗೆ ಕರೆಯುತ್ತೀರಿ ಎಂದು ತಕರಾರು ತೆಗೆಯುವವರು ಸಾಮಾನ್ಯವಾಗಿ ಮೀಸೆ ಇಲ್ಲದವರು. ನಮ್ಮ ಸೋದರಮಾವನಿಗೆ ಎಡಗಾಲಿನ ಹೆಬ್ಬೆರಳ ಮೇಲೆ ಅಪಾರ ಹೆಮ್ಮೆ. ಅದು ತುರಿಸಿದರೆ ನೆಂಟರು ಬರುತ್ತಾರೆ ಎಂದು ಅವರು ಹೇಳುತ್ತಿದ್ದರು, ನೆಂಟರು ಬಂದೇ ಬರುತ್ತಿದ್ದರು. ನೆಂಟರಿಲ್ಲದ ದಿನವೇ ಆ ಮನೆಯಲ್ಲಿ ಇರಲಿಲ್ಲವೆಂಬ ಸಂಗತಿಯನ್ನು ಯಾರೂ ಅವರ ಗಮನಕ್ಕೆ ತರಲಿಲ್ಲ. ನನ್ನ ಅಭಿಮಾನವೆಲ್ಲ ನನ್ನ ಬಲಗಿವಿಯ ಮೇಲೆ. ಎಡಗಿವಿಯೂ ಕೆಟ್ಟದ್ದೇನಲ್ಲ, ಫೋನಿಗೆ, ಮನೆಯ ಮಾತಿಗೆ ಧಾರಾಳವಾಗಿ ಸಾಕು. ಆದರೆ ಬಲಗಿವಿ ಇಪ್ಪತ್ತಾರು ವರ್ಷಗಳಿಂದ ಜರ್ಮನ್ ಕೈಗಾರಿಕೆಯ ಸೇವೆಯಲ್ಲಿದೆ. ಭದ್ರಾವತಿಯಲ್ಲಿ ಹುಟ್ಟಿದ ಒಂದು ಕಿವಿಗೆ ಇದಕ್ಕಿಂತ ಹೆಚ್ಚಿನ ಏಳಿಗೆ ಇದೆಯೆಂದು ನನಗೆ ತೋರುವುದಿಲ್ಲ.

ನಾನು ಕೆಲಸ ಮಾಡುವುದು ಮ್ಯಾನ್‌ಹೈಮ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ದೂರದ ಒಂದು ಪಂಪಿನ ಕಾರ್ಖಾನೆಯಲ್ಲಿ. ಬಿಯರ್ ತಯಾರಿಸುವವರಿಗೆ, ಈಜುಕೊಳಗಳಿಗೆ, ದೊಡ್ಡ ಕಟ್ಟಡಗಳ ಹೀಟಿಂಗಿಗೆ ನಾವು ಪಂಪು ಮಾಡಿ ಕಳಿಸುತ್ತೇವೆ. ತಯಾರಾದ ಪ್ರತಿಯೊಂದು ಪಂಪೂ ಲಾರಿ ಹತ್ತುವ ಮುಂಚೆ ಒಂದು ಸಣ್ಣ ಕೋಣೆಗೆ ಬರುತ್ತದೆ. ಎರಡು ಬಾಗಿಲು, ಗೋಡೆಗೆಲ್ಲ ಸ್ಪಂಜು, ಒಳಗೆ ನಾನು. ಪಂಪನ್ನು ಒಂದೂವರೆ ನಿಮಿಷ ಓಡಿಸುತ್ತಾರೆ. ನಾನು ಒಂದು ಉಕ್ಕಿನ ಸರಳಿನ ಒಂದು ತುದಿಯನ್ನು ಪಂಪಿನ ಹೊಟ್ಟೆಗೂ ಇನ್ನೊಂದು ತುದಿಯನ್ನು ಬಲಗಿವಿಯ ಬುಡಕ್ಕೂ ಒತ್ತಿ ಕಣ್ಣು ಮುಚ್ಚುತ್ತೇನೆ. ಕಣ್ಣು ಮುಚ್ಚುವ ಅಗತ್ಯವಿಲ್ಲ. ನೋಡುವವರಿಗೆ ಗೌರವ ಬರಲಿ ಎಂದು ಮೊದಲ ವಾರ ಶುರುಮಾಡಿದ್ದು, ಆಮೇಲೆ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ನಂತರ ಫಾರಂ ಭರ್ತಿ ಮಾಡುತ್ತೇನೆ. ಫಾರಂನಲ್ಲಿ ಎರಡೇ ಚೌಕ. ಒಂದು 'ಸರಿಯಿದೆ', ಇನ್ನೊಂದು 'ಸರಿಯಿಲ್ಲ'. ಅನುಮಾನ ಬಂದ ಪಂಪು ಎರಡನೆಯ ಚೌಕಕ್ಕೆ ಸೇರಬೇಕು, ಅದನ್ನು ಬಿಚ್ಚಬೇಕು, ವರದಿ ಬರೆಯಬೇಕು ಎಂಬುದು ನಿಯಮ. ಜರ್ಮನರು ಜಗತ್ತನ್ನು ಹೀಗೆ ಎರಡಾಗಿ ಸೀಳಿ ನೆಮ್ಮದಿಯಿಂದ ಬದುಕುತ್ತಿರುವುದನ್ನು ನಾನು ಮೆಚ್ಚಿಕೊಂಡಿದ್ದೇನೆ, ಅನುಸರಿಸಲು ಮಾತ್ರ ನನ್ನಿಂದ ಪೂರ್ತಿಯಾಗಿ ಆಗಿಲ್ಲ.

ನನ್ನ ಕಷ್ಟವೇನೆಂದರೆ, ಪಂಪುಗಳು ಎರಡೇ ಬಗೆಯಲ್ಲಿ ಮಾತಾಡುವುದಿಲ್ಲ. ಒಂದು ಗುಂಯ್ಯೆನ್ನುತ್ತದೆ, ಒಂದು ಗೊರಗೊರ, ಒಂದು ಕಿರಕಿರ. ಲೊಟಲೊಟ ಎಂದರೆ ಒಳಗೆ ಗಾಳಿ ಸೇರಿದೆ. ಚರಚರ ಎಂದರೆ ಎಲ್ಲೋ ತಗಲುತ್ತಿದೆ. ಕಿಣಿಕಿಣಿ ಎಂದರೆ ಹೊಸ ಬೇರಿಂಗು ಇನ್ನೂ ಹೊಂದಿಕೊಂಡಿಲ್ಲ, ಹೊಸ ಸೊಸೆಯ ಬಳೆಯ ಹಾಗೆ ನಾಲ್ಕು ದಿನ ಸದ್ದು ಮಾಡಿ ಸುಮ್ಮನಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನೆಲ್ಲ ಜರ್ಮನ್ ಭಾಷೆಯಲ್ಲಿ ಏನೆಂದು ಬರೆಯಬೇಕೆಂದು ಸಹೋದ್ಯೋಗಿಗಳನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ "ಸದ್ದು" ಎಂದರು. ಇನ್ನೊಬ್ಬ ಇನ್ನೂ ಆಳವಾಗಿ ಯೋಚಿಸಿ "ಅನಪೇಕ್ಷಿತ ಸದ್ದು" ಎಂದ. ಅಂದು ಸಂಜೆಯೇ ಅಂಗಡಿಯಿಂದ ಒಂದು ಗಟ್ಟಿ ರಟ್ಟಿನ ನೋಟುಪುಸ್ತಕ ತಂದು, ಪ್ರತಿ ಪಂಪಿನ ನಂಬರನ್ನೂ ಅದರ ಸದ್ದನ್ನೂ ಕನ್ನಡದಲ್ಲಿ ಬರೆದಿಡತೊಡಗಿದೆ. ಹಾಗೆ ಹತ್ತೊಂಬತ್ತು ಪುಸ್ತಕವಾಯಿತು. ಕನ್ನಡ ಓದುವವರು ಆ ಕಟ್ಟಡದಲ್ಲಿ ಯಾರೂ ಇಲ್ಲವೆಂಬ ಧೈರ್ಯದ ಮೇಲೆ ಸದ್ದಿನ ಜೊತೆಗೆ ಅಷ್ಟಿಷ್ಟು ಸ್ವಂತ ಅಭಿಪ್ರಾಯವೂ ಸೇರಿಕೊಂಡಿತು. ಒಂದು ಪಂಪಿನ ಮುಂದೆ, 'ಗೊರಗೊರ, ಮಧ್ಯಾಹ್ನದ ಮೀಟಿಂಗಿನಲ್ಲಿ ಕ್ರೂಗರ್ ಸಾಹೇಬರ ಹಾಗೆ' ಎಂದಿದೆ. ಕ್ರೂಗರ್ ನಮ್ಮ ಗುಣಮಟ್ಟ ವಿಭಾಗದ ಮುಖ್ಯಸ್ಥರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುವ, ಸುಳ್ಳು ಹೇಳಲು ಬಾರದ ಮನುಷ್ಯ. ಇಪ್ಪತ್ತು ವರ್ಷದ ಪರಿಚಯವಿದ್ದರೂ ನಾವು ಇಂದಿಗೂ ಏಕವಚನಕ್ಕೆ ಇಳಿದಿಲ್ಲ. ನನ್ನ ಹೆಸರು ನಂಜುಂಡಯ್ಯ. ಅವರು ನನ್ನನ್ನು ಹೆರ್, ಅಂದರೆ ಶ್ರೀಮಾನ್, ನನ್‌ಯುಂಡಾಯಾ ಎಂದು, ಪ್ರತಿ ಅಕ್ಷರಕ್ಕೂ ಸಮನಾದ ಗೌರವ ಕೊಟ್ಟು ಕರೆಯುತ್ತಾರೆ.

ಸದ್ದುಗಳ ಆಚೆಗೆ ನನ್ನ ಪುಸ್ತಕಗಳಲ್ಲಿ ಇನ್ನೆರಡು ಮಾತು ಮತ್ತೆ ಮತ್ತೆ ಬರುತ್ತವೆ. ಒಂದು 'ಬೇಷ್'. ಸದ್ದೇ ಇಲ್ಲದ ಹಾಗೆ, ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿದ ಪಂಪುಗಳಿಗೆ ನಾನು ಕೊಟ್ಟ ಬಿರುದು ಅದು. ಇನ್ನೊಂದು 'ಪರವಾಗಿಲ್ಲ'. ಇದೇ ನನ್ನನ್ನು ಗಂಡಾಂತರಕ್ಕೆ ಸಿಕ್ಕಿಸಿದ್ದು. ಪಂಪಿನಲ್ಲಿ ಏನೋ ಒಂದು ಸಣ್ಣ ಕೊಸರು ಇದೆ, ಆದರೆ ಓಡುತ್ತ ಓಡುತ್ತ ತಾನೇ ಸರಿಹೋಗುತ್ತದೆ ಎಂದು ಬಲಗಿವಿ ಹೇಳಿದಾಗ ನಾನು ಫಾರಂನಲ್ಲಿ 'ಸರಿಯಿದೆ' ಎಂಬ ಚೌಕಕ್ಕೆ ಗುರುತು ಹಾಕಿ, ಪುಸ್ತಕದಲ್ಲಿ 'ಪರವಾಗಿಲ್ಲ' ಎಂದು ಬರೆಯುತ್ತಿದ್ದೆ. ನಿಯಮದ ಪ್ರಕಾರ ಅವೆಲ್ಲ 'ಸರಿಯಿಲ್ಲ'. ಪುಟಕ್ಕೆ ಒಂದೋ ಎರಡೋ, ಇಪ್ಪತ್ತಾರು ವರ್ಷ. ಲೆಕ್ಕ ನೀವೇ ಹಾಕಿ, ನಾನು ಹಾಕಿಲ್ಲ.

ಇಷ್ಟು ಹೇಳಿದ ಮೇಲೆ ಕೃತಕ ಬುದ್ಧಿಮತ್ತೆಯ ಪ್ರವೇಶ. ಇಲ್ಲಿನವರು ಅದನ್ನು ಚುಟುಕಾಗಿ 'ಕಾ-ಈ' ಎನ್ನುತ್ತಾರೆ. ಎರಡು ವರ್ಷದಿಂದ ಈಚೆಗೆ ನಮ್ಮೂರಿನಲ್ಲಿ ಅದನ್ನು ಇಟ್ಟುಕೊಳ್ಳದ ವ್ಯಾಪಾರವೇ ಇಲ್ಲ. ನಾಳೆ ಎಷ್ಟು ಬ್ರೆಡ್ಡು ಸುಡಬೇಕೆಂದು ಬೇಕರಿಯವನಿಗೆ ಕಾ-ಈ ಹೇಳುತ್ತದೆ. ನಮ್ಮ ಬಾಡಿಗೆ ಮನೆಯ ಹೀಟರ್ ಕೆಟ್ಟಿದೆ ಎಂದು ಬರೆದರೆ ಮೊದಲು ಮೂರು ವಾರಕ್ಕೆ ಉತ್ತರ ಬರುತ್ತಿತ್ತು. ಈಗ ಮೂರು ಸೆಕೆಂಡಿನಲ್ಲಿ ಕಾ-ಈ ಬಹಳ ಮರುಕದಿಂದ ಉತ್ತರಿಸುತ್ತದೆ, ಹೀಟರ್ ಕೆಟ್ಟೇ ಇರುತ್ತದೆ. ನಮ್ಮ ಡೈರೆಕ್ಟರು ಯಾವುದೋ ಕೈಗಾರಿಕಾ ಮೇಳಕ್ಕೆ ಹೋಗಿ ಬಂದವರೇ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಸೇರಿಸಿ, ನಾವೂ ಕಾ-ಈ ಅಳವಡಿಸುತ್ತೇವೆ ಎಂದು ಘೋಷಿಸಿದರು. ಯಾವ ಕೆಲಸಕ್ಕೆ ಎಂದು ಯಾರೋ ಕೇಳಿದರು. ಅದನ್ನು ಕಂಡುಹಿಡಿಯಲು ಒಂದು ಸಮಿತಿ ರಚಿಸಲಾಗಿದೆ ಎಂದರು. ಸಮಿತಿ ಆರು ವಾರ ಗೋಡೆಗೆ ಬಣ್ಣದ ಚೀಟಿ ಅಂಟಿಸಿ, ಆರನೆಯ ವಾರದ ಕೊನೆಗೆ, ಪಂಪಿನ ಸದ್ದು ಕೇಳುವ ಕೆಲಸವನ್ನು ಯಂತ್ರಕ್ಕೆ ಕಲಿಸಬಹುದು ಎಂಬ ತೀರ್ಮಾನಕ್ಕೆ ಬಂದಿತು. ಹದಿನಾಲ್ಕು ತಿಂಗಳಲ್ಲಿ ನನ್ನ ನಿವೃತ್ತಿ. ಕಾರ್ಖಾನೆಯಲ್ಲಿ ಎಲ್ಲರ ಬದಲಿಗೂ ಇನ್ನೊಬ್ಬ ಮನುಷ್ಯನನ್ನು ಹುಡುಕಿದ್ದರು. ನನ್ನ ಬದಲಿಗೆ ಮಾತ್ರ ಒಂದು ತಂತ್ರಜ್ಞಾನವನ್ನೇ ತರಬೇಕಾಯಿತು. ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಹೆಂಡತಿ ವಸುಧಾ, "ಆ ಯಂತ್ರಕ್ಕೆ ಕಿವೀಲಿ ಕೂದಲು ಬೆಳೆಯಲ್ಲ ತಾನೇ? ಹಾಗಾದ್ರೆ ಅದೇ ವಾಸಿ" ಎಂದಳು. ಅಭಿಮಾನಕ್ಕೆ ಮನೆಯೊಳಗೆ ಇಷ್ಟೇ ಜಾಗ.

ಯಂತ್ರಕ್ಕೆ ಕಲಿಸಲು ಮ್ಯಾನ್‌ಹೈಮ್‌ನ ಒಂದು ಸಲಹಾ ಕಂಪನಿಯವರು ಬಂದರು. ಬಂದವರು ಕೇಳಿದ ಮೊದಲ ಪ್ರಶ್ನೆ, "ಹಳೆಯ ದಾಖಲೆ ಏನಿದೆ?" ನಮ್ಮವರು ಹೆಮ್ಮೆಯಿಂದ ಉಗ್ರಾಣ ತೆರೆದರು. ಇಪ್ಪತ್ತಾರು ವರ್ಷ ಆ ಕೋಣೆಯಲ್ಲಿ ಓಡಿದ ಪ್ರತಿ ಪಂಪಿನ ಸದ್ದೂ ರೆಕಾರ್ಡಾಗಿ ಕುಳಿತಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ಆದರೆ ಅಳಿಸಲು ಅನುಮತಿ ಕೊಡುವ ಅಧಿಕಾರಿ ಯಾರೆಂದು ಗೊತ್ತಾಗದೆ ಹಾಗೆಯೇ ಇತ್ತು. ಸಲಹೆಗಾರರು ತಲೆಯಾಡಿಸಿದರು. ಸದ್ದಿದ್ದರೆ ಸಾಲದು, ಯಾವ ಸದ್ದು ಎಂಥದು ಎಂದು ಯಾರಾದರೂ ಹೇಳಿರಬೇಕು. ಆಗ ಮಾತ್ರ ಯಂತ್ರ ಅದನ್ನು ನೋಡಿ ಕಲಿಯುತ್ತದೆ. ಬರೀ 'ಸರಿಯಿದೆ, ಸರಿಯಿಲ್ಲ' ಎಂದರೆ ಏನೂ ಕಲಿಯುವುದಿಲ್ಲ. ಆಗ ಕ್ರೂಗರ್ ಕನ್ನಡಕ ತೆಗೆದು, "ಹೆರ್ ನನ್‌ಯುಂಡಾಯಾ ಅವರ ಪುಟ್ಟ ಪುಸ್ತಕಗಳಿವೆಯಲ್ಲ" ಎಂದರು. ಕಾರ್ಖಾನೆಯ ಬಳಿ ಸದ್ದಿತ್ತು, ನನ್ನ ಬಳಿ ಹೆಸರಿತ್ತು. ಒಂದು ಜರ್ಮನ್ ಕಂಪನಿಯ ಭವಿಷ್ಯವೆಲ್ಲ ಕನ್ನಡದ ಹತ್ತೊಂಬತ್ತು ನೋಟುಪುಸ್ತಕದಲ್ಲಿ ಅಡಗಿದೆ ಎಂದು ಸಭೆಗೆ ಮನವರಿಕೆಯಾದ ಆ ಕ್ಷಣ ನಾನು ಎದ್ದು ನಿಂತೆ. ನಿಲ್ಲಲು ಯಾರೂ ಹೇಳಿರಲಿಲ್ಲ.

ಪುಸ್ತಕಗಳನ್ನು ಬಟ್ಟೆಯ ಚೀಲದಲ್ಲಿ ಹೊತ್ತು ಮಾರನೆಯ ದಿನ ಮೀಟಿಂಗ್ ಕೋಣೆಗೆ ಹೋದೆ. ನನ್ನ ಯೋಜನೆ ಸರಳವಾಗಿತ್ತು. ನಾನು ಓದಿ ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಕ್ರೂಗರರ ಗೊರಕೆಯನ್ನು ನುಂಗುತ್ತೇನೆ, 'ಪರವಾಗಿಲ್ಲ' ಬಂದಲ್ಲೆಲ್ಲ 'ಸರಿಯಿದೆ' ಎನ್ನುತ್ತೇನೆ. ಯಾರಿಗೆ ಗೊತ್ತಾಗುತ್ತದೆ? ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಸುಮಾರು ಮೂವತ್ತರ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಸಲಹಾ ಕಂಪನಿಯ ಇಂಜಿನಿಯರು. ಮೇಲಿನ ಪುಸ್ತಕ ತೆರೆದವಳೇ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಸರ್, ನೀವು ಕನ್ನಡದವ್ರಾ! ನಾನು ಸಹನಾ ಅಂತ, ಮೈಸೂರು. ಅಯ್ಯೋ, 'ಲೊಟಲೊಟ' ಅಂತ ಬರೆದಿದೀರಲ್ಲ, ಎಷ್ಟ್ ವರ್ಷ ಆಯ್ತು ಈ ವರ್ಡ್ ಕೇಳಿ!"

ಪರದೇಶದಲ್ಲಿ ಕನ್ನಡ ಕೇಳಿದಾಗ ಹೃದಯ ಅರಳುತ್ತದೆ ಎನ್ನುತ್ತಾರೆ. ನನ್ನದು ಅರಳಿತು, ಅಲ್ಲಿಂದ ನೇರವಾಗಿ ಹೊಟ್ಟೆಗೆ ಜಾರಿತು.

ಮೂರು ದಿನ ಅವಳು ಓದಿದಳು, ನಾನು ಪಕ್ಕದಲ್ಲಿ ಪರೀಕ್ಷೆಗೆ ಕುಳಿತ ಹುಡುಗನ ಹಾಗೆ ಕುಳಿತೆ. ಕ್ರೂಗರರ ಗೊರಕೆ ಮೊದಲ ದಿನವೇ ಸಿಕ್ಕಿತು. "ಇದನ್ನ ಸಿಸ್ಟಮ್‌ಗೆ ಹಾಕ್ಲಾ ಸರ್?" ಎಂದು ಕೇಳಿದಳು. "ಬೇಡಮ್ಮ, ಅದು ಪಂಪಿಗೆ ಸಂಬಂಧಪಟ್ಟದ್ದಲ್ಲ" ಎಂದೆ. "ಗೊತ್ತಾಯ್ತು ಬಿಡಿ. ಈಗ ಮಧ್ಯಾಹ್ನದ ಮೀಟಿಂಗಲ್ಲಿ ನಾನೂ ಕೇಳಿಸ್ಕೊಂಡೆ" ಎಂದಳು. ಈ ಮಧ್ಯೆ ನೌಕರರ ಸಮಿತಿಯವರು ಬಂದು, ನಾನು ಕೋಣೆಯಲ್ಲಿ ಗುನುಗುವುದನ್ನು ಯಂತ್ರ ಕೇಳಿಸಿಕೊಂಡು ನನ್ನ ಮೇಲೆ ಅಭಿಪ್ರಾಯ ಕಟ್ಟಿಕೊಳ್ಳಬಾರದೆಂದು ಲಿಖಿತ ಭರವಸೆ ಪಡೆದು ಹೋದರು. ಇಂಥ ದೇಶದಲ್ಲಿ ದುಡಿದದ್ದು ನನ್ನ ಪುಣ್ಯ. ಎರಡನೆಯ ದಿನದ ಹೊತ್ತಿಗೆ ಸರ್ ಎನ್ನುವುದು ಅಂಕಲ್ ಆಗಿತ್ತು. ಮೂರನೆಯ ದಿನ ಅವಳು ಪೆನ್ನು ಕೆಳಗಿಟ್ಟಳು.

"ಅಂಕಲ್, ಎಲ್ಲಾ ಸದ್ದೂ ಅರ್ಥ ಆಯ್ತು. ಈ 'ಪರವಾಗಿಲ್ಲ' ಅನ್ನೋದು ಯಾವ ಸದ್ದು?"

"ಅದು ಸದ್ದಲ್ಲಮ್ಮ. ಅದು... ಸ್ವಭಾವ."

"ಮಷೀನ್‌ಗೆ ಸ್ವಭಾವ ಎಲ್ಲ ಹೇಳ್ಕೊಡಕ್ಕಾಗಲ್ಲ. ಓಕೆನಾ, ನಾಟ್ ಓಕೆನಾ? ಫಾರಂನಲ್ಲಿ ಓಕೆ ಅಂತ ಟಿಕ್ ಮಾಡಿದೀರ. ಆದ್ರೆ ನಿಮ್ ರೂಲ್ ನೋಡಿದ್ರೆ ಇದು ನಾಟ್ ಓಕೆ. ನಾನು ಏನಂತ ಹಾಕ್ಲಿ?"

ನಾಳೆ ಹೇಳುತ್ತೇನೆ ಎಂದು ಮನೆಗೆ ಬಂದೆ. ನಿಜ ಹೇಳಿದರೆ 'ಕಾರ್ಖಾನೆಯ ಕಿವಿ' ಎಂದು ಜನ ತೋರಿಸುತ್ತಿದ್ದ ಮನುಷ್ಯ ಇಪ್ಪತ್ತಾರು ವರ್ಷ ತಪ್ಪು ಚೌಕಕ್ಕೆ ಗುರುತು ಹಾಕಿದವನಾಗುತ್ತಾನೆ. ಸುಳ್ಳು ಹೇಳಿದರೆ ಆ ಸುಳ್ಳನ್ನು ಯಂತ್ರ ಕಲಿತು, ನಾನು ಮನೆಗೆ ಹೋದ ಮೇಲೂ ನನ್ನ ಹೆಸರಿನಲ್ಲಿ ಹೇಳುತ್ತಲೇ ಇರುತ್ತದೆ. ನಾನು ಸ್ವತಃ ಹೇಳಿದ ಸುಳ್ಳುಗಳ ಜೊತೆ ಸಂಸಾರ ಮಾಡಿ ಅಭ್ಯಾಸವಿದೆ. ಶಿಷ್ಯನ ಬಾಯಲ್ಲಿ ಅದನ್ನು ಕೇಳುವುದು ಬೇರೆಯೇ ಸಂಕಟ. ವಸುಧಾಗೆ ಎಲ್ಲವನ್ನೂ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ ಕೇಳಿದಳು.

"ಕ್ರೂಗರ್ ಹತ್ರ ಹೋಗಿ ಇದ್ದಿದ್ದು ಇದ್ದ ಹಾಗೆ ಹೇಳ್ಬಿಡಿ. ಸುಳ್ಳು ಹೇಳೋ ಆಸೆ ಇದ್ರೆ ಜರ್ಮನ್‌ನಲ್ಲಂತೂ ಹೇಳ್ಬೇಡಿ. ಕ್ರಿಯಾಪದ ಕೊನೇಗೆ ಬರೋ ಅಷ್ಟರಲ್ಲಿ ನಿಮ್ಮ ಮುಖ ನೋಡೇ ಗೊತ್ತಾಗೋಗತ್ತೆ."

ಮಾರನೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕ್ರೂಗರರ ಕೋಣೆಗೆ ಹೋದೆ. ನಿಂತೇ ಹೇಳಿದೆ. ಇಂಥ ಮಾತನ್ನು ಕುಳಿತು ಹೇಳಬಾರದು. ಅವರು ಕೋಪಗೊಳ್ಳಲಿಲ್ಲ, ಗೋಡೆ ನೋಡಲಿಲ್ಲ, ನಿಟ್ಟುಸಿರು ಬಿಡಲಿಲ್ಲ. ಡ್ರಾಯರಿನಿಂದ ಒಂದು ಫಾರಂ ತೆಗೆದರು. ನಿಯಮ ಮೀರಿದ್ದನ್ನು ದಾಖಲಿಸಲೆಂದೇ ಇರುವ ಫಾರಂ.

"ಎಷ್ಟು ಪಂಪುಗಳು, ಹೆರ್ ನನ್‌ಯುಂಡಾಯಾ?"

"ಪುಸ್ತಕದಲ್ಲಿವೆ. ನಂಬರಿನ ಸಮೇತ. ಒಂದನ್ನೂ ಬಿಟ್ಟಿಲ್ಲ."

"ಒಂದನ್ನೂ ಬಿಟ್ಟಿಲ್ಲ?" ಅವರ ಮುಖದಲ್ಲಿ ಆ ಕ್ಷಣ ಕಂಡದ್ದು ಮೆಚ್ಚುಗೆಯೇ ಎಂದು ನಾನು ಇಂದಿಗೂ ವಾದಿಸುತ್ತೇನೆ. ತಪ್ಪನ್ನು ಇಷ್ಟು ಕ್ರಮಬದ್ಧವಾಗಿ ಮಾಡಿದವನನ್ನು ಅವರು ನೋಡಿರಲಿಲ್ಲ. "ಹಾಗಾದರೆ ದುರಸ್ತಿಗೆ ವಾಪಸು ಬಂದ ಪಂಪುಗಳ ಪಟ್ಟಿಯ ಜೊತೆ ಒಂದೊಂದನ್ನೂ ಹೋಲಿಸಬೇಕು" ಎಂದರು. ಅದೂ ಇಪ್ಪತ್ತಾರು ವರ್ಷದ್ದು ಇತ್ತು. ಈ ಜನ ಏನನ್ನೂ ಬಿಸಾಡುವುದಿಲ್ಲ.

ಹೋಲಿಕೆಗೆ ಎರಡು ವಾರ ಹಿಡಿಯಿತು. ಆ ಎರಡು ವಾರ ನಾನು ಕೋಣೆಯಲ್ಲಿ ಗುನುಗಲಿಲ್ಲ. ಬಾಯಿಗೆ ಹಾಕಿದ ಮೊಸರನ್ನಕ್ಕೆ ರುಚಿಯಿಲ್ಲ, ಕಿವಿಗೆ ಒತ್ತಿದ ಸರಳು ತಣ್ಣಗೆ. ನಾನು ಬಿಟ್ಟುಕೊಟ್ಟ ಪಂಪುಗಳು ಕನಸಿನಲ್ಲಿ ಸಾಲಾಗಿ ನಿಂತು, ಬಿಯರಿನವರಿಂದ, ಈಜುಕೊಳದವರಿಂದ ಪತ್ರ ತಂದು ಕೊಡುತ್ತಿದ್ದವು. ಕ್ರೂಗರ್ ಎದುರು ಸಿಕ್ಕಾಗ ಎಂದಿನಂತೆ ಊಟದ ಹೊತ್ತಿನ ನಮಸ್ಕಾರ ಹೇಳುತ್ತಿದ್ದರು. ಅದರಲ್ಲಿ ನಾನು ಅರ್ಥ ಹುಡುಕುತ್ತಿದ್ದೆ. ಕೊನೆಗೆ ಒಂದು ಗುರುವಾರ ಕರೆ ಬಂತು. ಕೋಣೆಯಲ್ಲಿ ಡೈರೆಕ್ಟರು, ಕ್ರೂಗರ್, ಸಹನಾ. ಪರದೆಯ ಮೇಲೆ, ರೋಮನ್ ಅಕ್ಷರದಲ್ಲಿ, ದೊಡ್ಡದಾಗಿ ಒಂದೇ ಪದ: ಪರವಾಗಿಲ್ಲ.

ಸಹನಾ ಜರ್ಮನ್ ಭಾಷೆಯಲ್ಲಿ ವಿವರಿಸಿದಳು. ಹತ್ತೊಂಬತ್ತು ಪುಸ್ತಕದಲ್ಲಿ ಯಂತ್ರ ಎಲ್ಲಕ್ಕಿಂತ ಸುಲಭವಾಗಿ ಕಲಿತದ್ದು ಈ ಒಂದು ಗುಂಪನ್ನು. ಇದು ಸ್ವಭಾವವಲ್ಲ, ಸದ್ದೇ. ಮನುಷ್ಯರ ಮಾತಿನಲ್ಲಿ ಅದಕ್ಕೊಂದು ವಿವರಣೆ ಇಲ್ಲ, ಅಷ್ಟೆ. ಈ ಗುಂಪಿನ ಪಂಪುಗಳು ದುರಸ್ತಿಗೆ ವಾಪಸು ಬಂದದ್ದು ಉಳಿದವಕ್ಕಿಂತ ಕಡಿಮೆ. ನಿಯಮದ ಪ್ರಕಾರ ಬಿಚ್ಚಿದ್ದರೆ ವ್ಯರ್ಥವಾಗಿ ಬಿಚ್ಚಿದಂತಾಗುತ್ತಿತ್ತು. ಡೈರೆಕ್ಟರು ಮೇಜು ಕುಟ್ಟಿದರು. ಇಲ್ಲಿ ಚಪ್ಪಾಳೆಗೆ ಬದಲು ಮೇಜು ಕುಟ್ಟುವ ಪದ್ಧತಿ. ನನ್ನ ಬಲಗಿವಿ ಬಿಸಿಯಾಯಿತು. ನಾನು ಸಾವಕಾಶವಾಗಿ ಕಣ್ಣು ಮುಚ್ಚಿದೆ. ಜರ್ಮನ್ ನಿಯಮಾವಳಿಗೂ ತಿಳಿಯದ ಸತ್ಯವೊಂದು ಭದ್ರಾವತಿಯ ಕಿವಿಗೆ ತಿಳಿದಿತ್ತೆಂದು ಯಂತ್ರವೇ ಸಾಕ್ಷಿ ಹೇಳಿದ ಮೇಲೆ ನೋಡಬೇಕಾದದ್ದು ಇನ್ನೇನಿದೆ?

"ಇನ್ನೊಂದು ಸ್ಲೈಡ್ ಇದೆ ಅಂಕಲ್" ಎಂದು ಸಹನಾ ಮೆಲ್ಲಗೆ ಕನ್ನಡದಲ್ಲಿ ಹೇಳಿದಳು. "ಬೇಜಾರು ಮಾಡ್ಕೋಬೇಡಿ."

ಆ ಸ್ಲೈಡಿನ ಮೇಲಿದ್ದದ್ದು 'ಬೇಷ್'. ನಾನು ಮನಸಾರೆ ಮೆಚ್ಚಿ, ಕೆಲವೊಮ್ಮೆ ಎರಡು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಬೀಳ್ಕೊಟ್ಟ ಪಂಪುಗಳು ಉಳಿದೆಲ್ಲವಕ್ಕಿಂತ ಹೆಚ್ಚಾಗಿ ವಾಪಸು ಬಂದಿದ್ದವು. ಕ್ರೂಗರ್ ಕನ್ನಡಕ ಏರಿಸಿ ಕಾರಣ ವಿವರಿಸಿದರು. ಅಷ್ಟು ನಿಶ್ಶಬ್ದವಾಗಿ ತಿರುಗುವ ಪಂಪಿನ ಜೋಡಣೆ ಎಲ್ಲೋ ಸಡಿಲವಿರುತ್ತದೆ. ಬಿಗಿಯಾಗಿದ್ದರೆ ಸ್ವಲ್ಪವಾದರೂ ಸದ್ದು ಬೇಕು. ನಾನು ಸಂಶಯಪಟ್ಟು ಬಿಟ್ಟವೆಲ್ಲ ಸರಿ, ಮೆಚ್ಚಿ ಕಳಿಸಿದವೆಲ್ಲ ತಪ್ಪು. ಮನೆಗೆ ಬಂದು ಹೇಳಿದರೆ ವಸುಧಾ, "ಮದುವೆಯಾದ ಹೊಸದರಲ್ಲಿ ನನ್ನನ್ನ ನೋಡಿ ಎಷ್ಟು ಶಾಂತ ಹುಡುಗಿ ಅಂದಿದ್ರಲ್ಲ, ಆಗ್ಲೇ ಗೊತ್ತಿತ್ತು ನಿಮ್ಮ ಕಿವಿ ಇಷ್ಟೇ ಅಂತ" ಎಂದಳು.

ಆದರೂ ಆದದ್ದು ಆಯಿತು. ಫಾರಂಗೆ ಮೂರನೆಯ ಚೌಕ ಬಂತು. ಅದಕ್ಕೆ ಜರ್ಮನ್ ಹೆಸರು ಹುಡುಕಲು ಮತ್ತೊಂದು ಸಮಿತಿ ಕುಳಿತು, ಸಿಗದೆ, 'ಪಿ' ಎಂದು ಬಿಟ್ಟರು. ಈಗ ಯಂತ್ರ ಕೇಳುತ್ತದೆ, ನಾನು ಅದರ ಪಕ್ಕದಲ್ಲಿ ಕುಳಿತು ಯಂತ್ರವನ್ನು ಕೇಳುತ್ತೇನೆ. ಜೋಡಣೆ ವಿಭಾಗದ ದಾಂಡಿಗರು ಪರದೆ ನೋಡಿ "ಗೊರಗೊರ" ಎಂದು ಪಂಪನ್ನು ಬದಿಗಿಡುವುದನ್ನು, "ಪಾರಾವಾಗಿಲ್ಲಾ" ಎಂದು ಲಾರಿಗೆ ಏರಿಸುವುದನ್ನು ನೀವೊಮ್ಮೆ ಬಂದು ಕೇಳಬೇಕು. ಕನ್ನಡಕ್ಕೆ ಕೈಗಾರಿಕೆಯಲ್ಲಿ ಸ್ಥಾನವಿಲ್ಲ ಎಂದು ಭಾಷಣ ಮಾಡುವವರನ್ನು ಕರೆತಂದು ಅಲ್ಲಿ ನಿಲ್ಲಿಸಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಕಳೆದ ತಿಂಗಳು ಕಂಪನಿಯಿಂದ ಒಂದೇ ದಪ್ಪ ಲಕೋಟೆಯಲ್ಲಿ ಎರಡು ಪತ್ರ ಬಂದವು. ಮೊದಲನೆಯದು ಡೈರೆಕ್ಟರ ಪ್ರಶಂಸಾಪತ್ರ. ಕಂಪನಿ ಈಗ ಪತ್ರ ಬರೆಯಲೂ ಕಾ-ಈ ಇಟ್ಟುಕೊಂಡಿದೆ; ಇದು ಅದರ ಕೈವಾಡವೆಂದು ಎರಡನೆಯ ಸಾಲಿಗೇ ತಿಳಿಯಿತು. ಸದಾ ತಂಡದ ಜೊತೆ ಬೆರೆತು ದುಡಿದದ್ದಕ್ಕೆ, ಎರಡು ಬಾಗಿಲ ಹಿಂದೆ ಇಪ್ಪತ್ತಾರು ವರ್ಷ ಒಬ್ಬನೇ ಕುಳಿತ ನನಗೆ, ಅದು ಹೃತ್ಪೂರ್ವಕ ಧನ್ಯವಾದ ಹೇಳಿತ್ತು. ಯಾರ ಹೆಸರು ಹಾಕಿದರೂ ಒಪ್ಪುವ ಪತ್ರ. ಎರಡನೆಯದು ಕ್ರೂಗರರದ್ದು. ಆಬ್‌ಮಾನುಂಗ್, ಅಂದರೆ ನೌಕರನ ಕಡತಕ್ಕೆ ಸೇರುವ ಲಿಖಿತ ಎಚ್ಚರಿಕೆ. ಫಲಿತಾಂಶ ಒಳ್ಳೆಯದಾದರೂ ನಿಯಮ ಮೀರಿದ್ದು ನಿಯಮ ಮೀರಿದ್ದೇ ಎಂದು ಮೊದಲ ಪುಟ. ಆಮೇಲೆ ನೂರ ಹನ್ನೊಂದು ಪುಟದ ಅನುಬಂಧ. ನಾನು ಬಿಟ್ಟುಕೊಟ್ಟ ಪ್ರತಿಯೊಂದು ಪಂಪಿನ ನಂಬರು, ದಿನಾಂಕ, ಹೋದ ಊರು. ಪಕ್ಕದಲ್ಲೆಲ್ಲ ಪೆನ್ಸಿಲಿನ ಸಣ್ಣ ಗುರುತು. ಆ ಮನುಷ್ಯ ಯಂತ್ರವನ್ನು ನಂಬದೆ, ಒಂದೊಂದನ್ನೂ ತನ್ನ ಕೈಯಾರೆ ತಾಳೆ ನೋಡಿದ್ದರು. ನನ್ನ ಜೀವಮಾನದ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಯಾರೂ ಓದಿರಲಿಲ್ಲ.

ಎಚ್ಚರಿಕೆಯ ಮೊದಲ ಪುಟಕ್ಕೆ ಕಟ್ಟು ಹಾಕಿಸಿ ಹಾಲಿನ ಗೋಡೆಗೆ ತೂಗುಹಾಕಿದ್ದೇನೆ. ಅನುಬಂಧ ಕೆಳಗಿನ ಟೀಪಾಯಿಯ ಮೇಲಿದೆ. ಮೊನ್ನೆ ಪೂಜೆಗೆ ಬಂದ ನಮ್ಮ ಕನ್ನಡ ಬಳಗದ ಹುಡುಗರು, ಹೊಸದಾಗಿ ಬಂದವರು, ಜರ್ಮನ್ ಇನ್ನೂ ಬಸ್ಸಿನ ಬೋರ್ಡು ಓದುವಷ್ಟೇ ಬರುವವರು, ಅದರ ಮುಂದೆ ನಿಂತು, "ಸೂಪರ್ ಸರ್! ಏನ್ ಅವಾರ್ಡ್ ಇದು?" ಎಂದು ಕೇಳಿದರು. ನಾನು ವಿನಯದಿಂದ, ಕಾರ್ಖಾನೆಯಲ್ಲಿ ಇನ್ನಾರಿಗೂ ಇಷ್ಟು ಉದ್ದದ್ದು ಸಿಕ್ಕಿಲ್ಲ ಎಂದೆ. ಅದು ನಿಜವೂ ಹೌದು. ನಲವತ್ತು ವರ್ಷದಿಂದ ಇಲ್ಲೇ ನೆಲೆಸಿರುವ ಡಾಕ್ಟರು ಮಾತ್ರ ಪ್ರಸಾದದ ಬಟ್ಟಲು ಹಿಡಿದು, ಕನ್ನಡಕ ಸರಿಮಾಡಿಕೊಂಡು ಆ ಗೋಡೆಯ ಕಡೆ ಹೆಜ್ಜೆ ಹಾಕಿದರು. ಅವರ ಜರ್ಮನ್ ಬಹಳ ಚೆನ್ನಾಗಿದೆ. ಹಾಗಾಗಿ ಅವರು ನಮ್ಮ ಮನೆಯಲ್ಲಿದ್ದ ಎರಡು ಗಂಟೆಯೂ ನಾನು ಆ ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದೆ. ಕುಳಿತುಕೊಳ್ಳಿ ಎಂದು ಅವರು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಅತಿಥಿಗಳೆದುರು ಇಷ್ಟು ವಿನಯದಿಂದ ನಡೆದುಕೊಳ್ಳುವ ಮನುಷ್ಯನನ್ನು ತಾವು ಈ ದೇಶದಲ್ಲಿ ಕಂಡೇ ಇಲ್ಲವೆಂದು ಹೋಗುವಾಗ ಅವರು ವಸುಧಾಗೆ ಹೇಳಿ ಹೋದರಂತೆ.